ಸಹಾಯ ಬೇಕು: ಅನುವಾದದ ವಿದ್ಯಾರ್ಥಿಗಳಿಗೆ ರೇಟು ಕೇಳುವುದನ್ನು ಹೇಗೆ ಕಲಿಸಲಿ?

ನಮಸ್ಕಾರ. ಅನುವಾದ ಡಿಪ್ಲೊಮಾದವರಿಗೆ ಸ್ವಂತ ಉದ್ಯೋಗದ ಪಾಠ ಮಾಡುವುದು ಈ ಸಲ ನನ್ನ ತಲೆಗೆ ಬಿದ್ದಿದೆ. ಮಕ್ಕಳು ಅನುವಾದ ಚೆನ್ನಾಗಿಯೇ ಮಾಡುತ್ತಾರೆ, ರೇಟು ಕೇಳಿದರೆ ಮಾತ್ರ 'ನೀವೇ ನೋಡಿ ಕೊಡಿ ಸರ್' ಅಂತಾರೆ!

ಹೋದ ತಿಂಗಳು ಒಬ್ಬಳು ಇಂಗ್ಲಿಷಿನಿಂದ ಮಾಡಿಕೊಟ್ಟ ಕೆಲಸಕ್ಕೆ ಕನ್ನಡದ ಪದ ಎಣಿಸಿ ದುಡ್ಡು ಕೊಟ್ಟಿದ್ದಾರೆ. 'ಇನ್ ದ ಹೌಸ್' ಮೂರು ಪದ, 'ಮನೆಯಲ್ಲಿ' ಒಂದೇ. ನಷ್ಟ ಯಾರಿಗೆ, ಹೇಳಿ. ಮೂಲದ ಪದ ಎಣಿಸಬೇಕು ಅಂತ ಮೊದಲೇ ಬರೆಸಿಕೊಳ್ಳಬೇಕಿತ್ತು, ಅದನ್ನು ನಾನೂ ಹೇಳಿಕೊಟ್ಟಿರಲಿಲ್ಲ.

ಫ್ರೀಲಾನ್ಸ್ ಮಾಡುವವರು ನಿಮ್ಮ ಹಳೇ ಕೊಟೇಶನ್, ಇನ್‌ವಾಯ್ಸ್ ಇದ್ದರೆ ಹೆಸರು ಅಳಿಸಿ ಕಳಿಸ್ತೀರಾ? ದುಭಾಷಿಗಳು ಅರ್ಧ ದಿನಕ್ಕೆ ಹೇಗೆ ಕೇಳುತ್ತೀರಿ, ಸರದಿಯ ಮೇಲೆ ಮಾಡಲು ಇನ್ನೊಬ್ಬ ದುಭಾಷಿಯೂ ಬೇಕು ಅಂತ ಗಿರಾಕಿಯನ್ನು ಹೇಗೆ ಒಪ್ಪಿಸುತ್ತೀರಿ? ಯಾರಾದರೂ ಒಂದು ಭಾನುವಾರ ಗೂಗಲ್ ಮೀಟಲ್ಲಿ ಮಕ್ಕಳ ಜೊತೆ ಮಾತಾಡಿದರೂ ಸಾಕು.