ನೋವು ಹೆಬ್ಬೆರಳ ಕಡೆ, ರಿಪೋರ್ಟಿನಲ್ಲಿ ತೂತು ಕಿರುಬೆರಳ ಕಡೆ

ಪ್ರಶ್ನೆ (ಫಿಸಿಯೋ, ಹುಬ್ಬಳ್ಳಿ)
54 ವರ್ಷದ ಮಹಿಳೆ, ಹೊಲಿಗೆ ಕೆಲಸ. ಮೂರು ತಿಂಗಳಿಂದ ಬಲ ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆ ನೋವು. ಬಿದ್ದಿಲ್ಲ. ಫಿಂಕೆಲ್‌ಸ್ಟೈನ್ ಪರೀಕ್ಷೆ (ಹೆಬ್ಬೆರಳು ಹಿಡಿದು ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸುವುದು) ಪಾಸಿಟಿವ್. ಎಂಆರ್‌ಐ ರಿಪೋರ್ಟ್ ಹೇಳೋದೇ ಬೇರೆ: ಟಿಎಫ್‌ಸಿಸಿ (ಮಣಿಕಟ್ಟಿನ ಕಿರುಬೆರಳ ಕಡೆಯ ಮೃದ್ವಸ್ಥಿ-ಅಸ್ಥಿರಜ್ಜುಗಳ ಮೆತ್ತೆ) ನಡುಭಾಗದಲ್ಲಿ ತೂತು, ಅಲ್ನಾ (ಮುಂಗೈಯ ಕಿರುಬೆರಳ ಕಡೆಯ ಮೂಳೆ) ಪಕ್ಕದ ಮೂಳೆಗಿಂತ 2 ಮಿ.ಮೀ. ಉದ್ದ, ಲೂನೇಟ್‌ನಲ್ಲಿ (ಮಣಿಕಟ್ಟಿನ ಒಂದು ಸಣ್ಣ ಮೂಳೆ) 4 ಮಿ.ಮೀ. ಸಿಸ್ಟ್, ಅಂಗೈ ಕಡೆ 5 ಮಿ.ಮೀ. ಗ್ಯಾಂಗ್ಲಿಯನ್ (ದ್ರವ ತುಂಬಿದ ಗಂಟು). ಕಿರುಬೆರಳ ಕಡೆ ನೋವೇ ಇಲ್ಲ. 'ಹರಿದಿದೆಯಂತೆ, ಆಪರೇಷನ್ ಬೇಕಾ?' ಅಂತ ಮನೆಯವರಿಗೆ ಗಾಬರಿ.

ಉತ್ತರ (ರೇಡಿಯಾಲಜಿ)
ಟಿಎಫ್‌ಸಿಸಿಯ ನಡುವಿನ ಡಿಸ್ಕ್‌ಗೆ ರಕ್ತ ಪೂರೈಕೆ ಇಲ್ಲ, ಅಂಚಿಗೆ ಮಾತ್ರ ಇದೆ. ವಯಸ್ಸಾದಂತೆ ನಡುಭಾಗ ಸವೆದು ತೂತಾಗುತ್ತದೆ. ಅಲ್ನಾ ಉದ್ದವಿದ್ದರೆ ಇನ್ನೂ ಬೇಗ. ಪಾಮರ್ ವರ್ಗೀಕರಣದಲ್ಲಿ ಇದು 2ನೇ ಗುಂಪು, ಅಂದರೆ ಸವೆತ. ಪೆಟ್ಟಿನಿಂದ ಹರಿದದ್ದು 1ನೇ ಗುಂಪು. ರಿಪೋರ್ಟಿನಲ್ಲಿ ಎರಡಕ್ಕೂ 'ಟೇರ್' ಅಂತಲೇ ಬರೆಯುತ್ತೇವೆ, ಗಾಬರಿ ಹುಟ್ಟೋದು ಅಲ್ಲೇ.

ಆ 2 ಮಿ.ಮೀ.ಯನ್ನೂ ಸುಮ್ಮನೆ ನಂಬಬೇಡಿ. ಅಂಗೈ ಕೆಳಗೆ ತಿರುಗಿದ್ದರೆ, ಮುಷ್ಟಿ ಬಿಗಿದಿದ್ದರೆ ಅಲ್ನಾ ಉದ್ದವಾಗಿ ಕಾಣುತ್ತದೆ. ಭುಜ 90 ಡಿಗ್ರಿ ಎತ್ತಿ, ಮೊಣಕೈ 90 ಡಿಗ್ರಿ ಮಡಚಿ ತೆಗೆದ ಎಕ್ಸ್‌ರೇಯಲ್ಲಿ ಅಳೆಯಿರಿ.

ಸಿಸ್ಟ್ ಎಲ್ಲಿದೆ ನೋಡಿ. ಲೂನೇಟ್‌ನ ಸ್ಕಾಫಾಯ್ಡ್ (ಹೆಬ್ಬೆರಳ ಕಡೆಯ ಪಕ್ಕದ ಮೂಳೆ) ಕಡೆ, ದುಂಡಗೆ, ಸುತ್ತ ಗಟ್ಟಿ ಅಂಚು ಇದ್ದರೆ ಅದು ಮೂಳೆಯೊಳಗಿನ ಗ್ಯಾಂಗ್ಲಿಯನ್, ನೋವಿಲ್ಲದವರಲ್ಲೂ ಸಿಗುತ್ತದೆ. ಅಲ್ನಾ ಕಡೆಯ ಮೂಲೆಯಲ್ಲಿ ಊತದ ಜೊತೆಗಿದ್ದರೆ ಅಲ್ನಾ ಲೂನೇಟ್‌ಗೆ ಗುದ್ದುತ್ತಿರಬಹುದು. ಎಂಆರ್‌ಐಯ ಟಿ1 ಚಿತ್ರದಲ್ಲಿ ಲೂನೇಟ್ ಪೂರ್ತಿ ಕಪ್ಪಾಗಿದ್ದರೆ ಕೀನ್‌ಬಾಕ್ (ರಕ್ತ ಪೂರೈಕೆ ತಪ್ಪಿ ಲೂನೇಟ್ ಸಾಯುವ ಕಾಯಿಲೆ) ಅನುಮಾನ, ಅದನ್ನು ಬಿಡುವಂತಿಲ್ಲ.

ಉತ್ತರ (ಹ್ಯಾಂಡ್ ಸರ್ಜರಿ)
ಮೇಲಿನದಕ್ಕೆ ಸೇರಿಸುವುದಿಷ್ಟು. ಅಲ್ನಾ ಸ್ಟೈಲಾಯ್ಡ್‌ಗೂ (ಅಲ್ನಾ ತುದಿಯ ಮೂಳೆ ಚೂಪು) ಎಫ್‌ಸಿಯು (ಮಣಿಕಟ್ಟನ್ನು ಮಡಚುವ, ಕಿರುಬೆರಳ ಕಡೆಯ ಸ್ನಾಯು) ಸ್ನಾಯುರಜ್ಜುವಿಗೂ ನಡುವಿನ ಮೆತ್ತನೆ ಕುಳಿಯಲ್ಲಿ ಬೆರಳ ತುದಿಯಿಂದ ಒತ್ತಿ. ಆಮೇಲೆ ಕೈಯನ್ನು ಕಿರುಬೆರಳ ಕಡೆ ಬಾಗಿಸಿ, ಒತ್ತಡ ಹಾಕಿ ಮುಂಗೈ ತಿರುಗಿಸಿ. ಕೊನೆಗೆ ಅಲ್ನಾ ತಲೆಯನ್ನು ಮೇಲೆ ಕೆಳಗೆ ಆಡಿಸಿ ಎಡಗೈಯ ಜೊತೆ ಹೋಲಿಸಿ. ಮೂರರಲ್ಲೂ ನೋವೂ ಸಡಿಲವೂ ಇಲ್ಲದಿದ್ದರೆ ತೂತಿನ ತಂಟೆಗೆ ಹೋಗಬೇಡಿ. ಸಣ್ಣ ಗ್ಯಾಂಗ್ಲಿಯನ್ನೂ ಹಾಗೇ ಇರಲಿ.

ನೋವಿಗೆ ಚಿಕಿತ್ಸೆ ಡಿ ಕ್ವರ್ವೇನ್‌ನದು (ಹೆಬ್ಬೆರಳ ಸ್ನಾಯುರಜ್ಜುಗಳ ಗೂಡು ಬಿಗಿಯಾಗಿ ನೋಯುವ ಕಾಯಿಲೆ): ಹೆಬ್ಬೆರಳು ಸೇರಿಸಿದ ಸ್ಪ್ಲಿಂಟ್, ಸಾಲದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಮೊದಲು ಅಲ್ಟ್ರಾಸೌಂಡ್ ಮಾಡಿಸಿದರೆ ಒಳ್ಳೆಯದು. ಇಪಿಬಿಗೆ (ಹೆಬ್ಬೆರಳನ್ನು ನೆಟ್ಟಗೆ ಮಾಡುವ ಒಂದು ಸ್ನಾಯುರಜ್ಜು) ಪ್ರತ್ಯೇಕ ಗೂಡಿದ್ದರೆ ಮದ್ದು ಒಂದೇ ಗೂಡಿಗೆ ಹೋಗಿ ಇಂಜೆಕ್ಷನ್ ವ್ಯರ್ಥವಾಗಬಹುದು.

ಪ್ರಶ್ನೆ ಕೇಳಿದವರು
ಒಂದು ಅನುಮಾನ: ನೋವಿಲ್ಲ ಅಂದರೆ ಯಾವುದನ್ನು ಬೇಕಾದರೂ ಬಿಡಬಹುದಾ ಸರ್?

ಉತ್ತರ (ಹ್ಯಾಂಡ್ ಸರ್ಜರಿ)
ಇಲ್ಲ. ಕೂಡದೆ ಉಳಿದ ಹಳೆಯ ಸ್ಕಾಫಾಯ್ಡ್ ಮುರಿತ ಕಂಡರೆ ನೋವಿಲ್ಲದಿದ್ದರೂ ಕಳಿಸಿ. ವರ್ಷಗಳಲ್ಲಿ ಕೀಲು ಸವೆಯುತ್ತದೆ. ಲೂನೇಟ್, ಅದರ ಪಕ್ಕದ ಮೂಳೆ ಟ್ರೈಕ್ವೆಟ್ರಮ್ ಹುಟ್ಟಿನಿಂದಲೇ ಪೂರ್ತಿ ಅಂಟಿಕೊಂಡಿದ್ದರೆ ಏನೂ ಮಾಡಬೇಕಿಲ್ಲ.