ಹೆಂಡತಿಗೆ ಬರ್ಬನ್ ಹೇಗೆ ರುಚಿ ತೋರಿಸಲಿ?

ಕಾಳಿದಂಡೆ: ನಾನು ಕಾರವಾರದವ, ಹೆಂಡತಿ ಶಿರಸಿ ಕಡೆಯವಳು. ಹಡಗಿನ ಕೆಲಸದಲ್ಲಿದ್ದಾಗ ನನಗೆ ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ರುಚಿ ಹತ್ತಿತು. ಮನೆಯಲ್ಲಿ ಒಬ್ಬನೇ ಕುಡಿಯಲು ಮನಸ್ಸು ಬರುವುದಿಲ್ಲ. ಮೊನ್ನೆ ಜೋರು ಮಳೆ. ಅವಳೇ ನನ್ನ ಲೋಟ ಮೂಗಿಗೆ ಹಿಡಿದು, "ಆಲೆಮನೆ ಕೊಪ್ಪರಿಗೆ ತಳದ ವಾಸನೆ" ಅಂದಳು. ಒಂದು ಹನಿ ನಾಲಿಗೆಗೆ ತಾಗಿಸಿ, "ಪರಿಮಳ ಚೆಂದ, ಆದ್ರೆ ಗಂಟಲು ಸುಡ್ತು" ಅಂದಳು. ಒತ್ತಾಯ ಮಾಡುವವನಲ್ಲ ನಾನು. ಆದರೂ ಆ ಪರಿಮಳ ಅವಳಿಗೆ ಹಿಡಿಸಿದ್ದು ನೋಡಿ ತುಂಬ ಖುಷಿಯಾಯಿತು. ಮುಂದೇನು ಮಾಡಲಿ?

ಗೇರುಬೆಟ್ಟ: ಅವರ ಮೂಗು ಸರಿಯಾಗಿಯೇ ಹಿಡಿದಿದೆ. ಬರ್ಬನ್ ಇಡುವುದು ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ. ಬಣ್ಣ, ಬೆಲ್ಲದ ಪರಿಮಳ ಎಲ್ಲ ಆ ಸುಟ್ಟ ಮರದಿಂದ. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ, ಅದಕ್ಕೇ ಸಿಹಿ. 15 ಮಿಲಿಗೆ ಅಷ್ಟೇ ನೀರು ಹಾಕಿ ಕೊಡಿ, ಉರಿ ಇಳಿಯುತ್ತದೆ.

ಅಂಕೋಲೆ ಅಕ್ಕ: ರೈ ಎಂಬ ಧಾನ್ಯ ಹೆಚ್ಚಿದ್ದರೆ ಖಾರ ಜಾಸ್ತಿ ತಮ್ಮಾ. ಮೇಕರ್ಸ್ ಮಾರ್ಕ್ ಎಂಬ ಬರ್ಬನ್‌ನಲ್ಲಿ ರೈ ಬದಲು ಗೋಧಿ ಇದೆ, ಮೆತ್ತಗಿರುತ್ತದೆ. ಜೊತೆಗೆ ಹುರಿದ ಗೇರುಬೀಜ ಇಡು.

ಕಾಳಿದಂಡೆ: ನಿನ್ನೆ ನೀರು ಬೆರೆಸಿ ಕೊಟ್ಟೆ. ಎರಡು ಗುಟುಕು ಕುಡಿದು ಉಳಿದದ್ದನ್ನು ನನ್ನ ಲೋಟಕ್ಕೆ ಸುರಿದಳು. ಮುಂದಿನ ಬಾಟಲಿಯನ್ನು ಮೊದಲು ಮೂಸುವುದು ತಾನೇ ಅಂತ ಹೇಳಿಟ್ಟಿದ್ದಾಳೆ.