ಪದಚರ್ಚೆ: ‘ಗೇರ್ ಸ್ಲಿಪ್’ಗೆ ಏನಂತ ಬರೆಯೋಣ? ನಾಳೆ ಫ್ಲೆಕ್ಸ್‌ಗೆ ಹೋಗಬೇಕು

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಬೈಕ್ ರಿಪೇರಿ ಕಲಿಯುವ ಹುಡುಗರಿಗಾಗಿ ಗೋಡೆಗೆ ಹಾಕುವ ದೋಷಪಟ್ಟಿ ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಲಚ್ ಸ್ಲಿಪ್’, ‘ಗೇರ್ ಸ್ಲಿಪ್’ ಎರಡಕ್ಕೂ ಸದ್ಯ ‘ಜಾರುವಿಕೆ’ ಎಂದು ಹಾಕಿದ್ದೇನೆ. ಸರಿಯೇ? ‘ಡಾಗ್’ (ಪಕ್ಕದ ಗೇರಿಗೆ ಸಿಕ್ಕಿಕೊಳ್ಳುವ, ಗೇರಿನ ಬದಿಯ ಮೊಂಡು ಹಲ್ಲು), ‘ಶಿಫ್ಟ್ ಫೋರ್ಕ್’ (ಗೇರನ್ನು ಅತ್ತಿತ್ತ ಸರಿಸುವ ಕವಲು) ಇವಕ್ಕೂ ಪದ ಬೇಕು. ‘ಗೇರ್’ ಅನ್ನಲೋ ‘ಗೇರು’ ಅನ್ನಲೋ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರ.

ಸೇಡಂನಿಂದ:
‘ಗೇರು’ ಎಂದರೆ ಗೋಡಂಬಿಯ ಮರ. ‘ಹಲ್ಲುಗಾಲಿ’ ಇರುವಾಗ ಎರಡೂ ಬೇಡ. ‘ಗೇರ್ ಸ್ಲಿಪ್’ಗೆ ‘ಕಳಲು’ ಬಳಸಿ. ಹಳಗನ್ನಡದ ಕೞಲ್, ಅಂದರೆ ಸಡಿಲವಾಗಿ ಬಿಟ್ಟುಕೊಳ್ಳುವುದು. ಕೞಲ್ಚು ಎಂಬುದೇ ಇಂದಿನ ಕಳಚು. ತಮಿಳಿನಲ್ಲೂ ಇದೇ ಧಾತು ಇದೆ. ಫೋರ್ಕಿಗೆ ‘ಕವೆ’. ಇಷ್ಟು ಸೊಗಸಾದ ಪದಗಳು ಮನೆಯಲ್ಲೇ ಇರುವಾಗ ಸಾಲ ಯಾಕೆ? ಅಂದ ಹಾಗೆ ತಲೆಬರಹದಲ್ಲಿ ‘ರಿಪೇರಿ’ ತೆಗೆದು ‘ದುರಸ್ತಿ’ ಹಾಕಿ.

ಹುಮನಾಬಾದಿನಿಂದ:
ಸರ್, ಎರಡಕ್ಕೂ ‘ಜಾರುವಿಕೆ’ ಹಾಕಬ್ಯಾಡ್ರಿ. ಹುಡುಗರು ತಪ್ಪು ಕಡೆ ಬಿಚ್ತಾರ.

ಕ್ಲಚ್ ಜಾರಿದ್ರ ಎಂಜಿನ್ ಒದರ್ತದ, ಗಾಡಿ ಮುಂದ ಓಡಂಗಿಲ್ಲ. ಗೇರ್ ಮಾತ್ರ ಬಿದ್ದಲ್ಲೇ ಇರ್ತದ. ಲೀವರ್ ತುದಿಯೊಳಗ 10ರಿಂದ 20 ಮಿ.ಮೀ. ಸಡಿಲು ಅದನೋ ಇಲ್ಲೋ ಮೊದಲ ನೋಡಬೇಕು. ಸಡಿಲು ಏನೂ ಇಲ್ಲಂದ್ರ ಕ್ಲಚ್ ಜಾರ್ತದ. ಜಾಸ್ತಿ ಇದ್ರ ಕ್ಲಚ್ ಪೂರಾ ಬಿಡಂಗಿಲ್ಲ, ಗೇರ್ ಬೀಳೋ ಮುಂದ ಕರಕರ ಅಂತದ. ಕೇಬಲ್ ಸರಿ ಇದ್ದೂ ಜಾರಿದ್ರ ಪ್ಲೇಟು, ಸ್ಪ್ರಿಂಗು, ಎಣ್ಣಿ. ಕಾರಿನ ಎಣ್ಣಿ ಹಾಕಿದ್ರ ಈ ತಕರಾರು ಬರ್ತದ, ಡಬ್ಬಿ ಮ್ಯಾಲ ಜಾಸೋ ಎಂಎ (JASO MA, ಬೈಕಿನ ಕ್ಲಚ್ಚಿಗಿ ಒಗ್ಗೋ ಎಣ್ಣಿ ಅನ್ನೋ ಗುರುತು) ಅಂತ ಇರಬೇಕು.

ನೀವು ‘ಗೇರ್ ಸ್ಲಿಪ್’ ಅನ್ನೋದು ಬ್ಯಾರೆ. ಎಕ್ಸಲೇಟರ್ ಕೊಟ್ಟ ಕೂಡ್ಲೆ ಗೇರ್ ತಾನಾಗೇ ಬಿಟ್ಟು ನ್ಯೂಟ್ರಲ್ಲಿಗಿ ಬರ್ತದ. ಇಲ್ಲಿ ಎಲ್ಲಾರೂ ‘ಗೇರ್ ಬಿಡ್ತದ’ ಅಂತಾರ. ಅದೇ ಬರೀರಿ.

ಸೇಡಂನಿಂದ:
‘ಬಿಡ್ತದ’ ಆಡುಮಾತು. ಫಲಕಕ್ಕೆ ಒಗ್ಗದು.

ಯಾದಗಿರಿಯಿಂದ:
‘ಕಳಲು’ ಅಂದರೆ ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೂ ತಿಳಿಯದು, ಕಲಿಯುವ ಹುಡುಗನಿಗೂ ತಿಳಿಯದು. ‘ಹಲ್ಲುಗಾಲಿ ಕವೆ ಕೊಡಿ’ ಅಂತ ಕೌಂಟರ್ ಮುಂದೆ ನಿಂತರೆ ಬರಿಗೈಲಿ ವಾಪಸ್ಸು. ಇನ್ನು ‘ದುರಸ್ತಿ’ ಅಚ್ಚ ಪಾರಸಿ, ದುರುಸ್ತ್ ಇಂದ ಬಂದದ್ದು. ಇಂಗ್ಲಿಷಿನ ಸಾಲ ಬೇಡ, ಪಾರಸಿಯ ಸಾಲ ಆಗಬಹುದು ಅನ್ನುವುದು ಯಾವ ಸೀಮೆಯ ಶುದ್ಧಿ? 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನೆಲ ಇದು. ಮರಮ್ಮತ್ತು, ದರ್ಖಾಸ್ತು, ತಕರಾರು ಎಲ್ಲ ತೆಗೆದರೆ ನಮ್ಮ ಕಡೆ ಮಾತು ನಡೆಯುವುದಿಲ್ಲ.

ಸೇಡಂನಿಂದ:
ದುರಸ್ತಿ ಕನ್ನಡದಲ್ಲಿ ಜೀರ್ಣವಾಗಿದೆ. ವಾದ ಮುಗಿಯಿತು.

ಯಾದಗಿರಿಯಿಂದ:
ಗೇರೂ ಜೀರ್ಣವಾಗಿದೆ.

ಕಲಬುರಗಿಯಿಂದ:
ದಯವಿಟ್ಟು ಪಟ್ಟಿಗೆ ಬರೋಣ. ‘ಗೇರ್ ಬಿಡುವುದು’ ಅಂತ ಹಾಕಿದರೆ, ಸವಾರ ಬೇಕಂತಲೇ ಬಿಟ್ಟ ಅನ್ನುವ ಅರ್ಥ ಬರುವುದಿಲ್ಲವೇ? ಕಳಿಸಿರುವ ಪಟ್ಟಿಯಲ್ಲಿನ ಕಾರಣಗಳ ಸಾಲುಗಳನ್ನೂ ಒಮ್ಮೆ ನೋಡಿ ಹೇಳಿ.

ಹುಮನಾಬಾದಿನಿಂದ:
‘ತಾನಾಗೇ’ ಸೇರಿಸ್ರಿ, ಆ ಸಂಶಯ ಹೋಗ್ತದ. ಕಾರಣ ಬರಿಯೋ ಮುಂದ ಹೊರಗಿನಿಂದ ಒಳಗ ಹೋಗ್ರಿ. ನೀವು ಕಳಿಸಿದ ಪಟ್ಟಿಯೊಳಗ ಮೊದಲನೇ ಸಾಲಿಗೇ ‘ಎಂಜಿನ್ ಬಿಚ್ಚಿ’ ಅಂತದ, ಅದು ತಪ್ಪು.

ಪೆಡಲ್ ಬೋಲ್ಟ್ ಸಡಲೈತೇನು, ಅದರ ಒಳಗಿನ ಗೀರು ಸವದಾವೇನು, ಪೆಡಲ್ ಕ್ರ್ಯಾಶ್ ಗಾರ್ಡಿಗಿ ತಾಗ್ತದೇನು, ಇಷ್ಟು ಮೊದಲ. ಆಮ್ಯಾಲ ಕೇಳೋ ಪ್ರಶ್ನೆ: ಒಂದೇ ಗೇರ್ ಬಿಡ್ತದೋ, ಎಲ್ಲಾನೂ ಬಿಡ್ತಾವೋ? ಎಲ್ಲಾನೂ ಬಿಟ್ರ ಎಣ್ಣಿ ಇಳಿಸಿ ಕ್ಲಚ್ ಕಡೆ ಕವರ್ ಬಿಚ್ರಿ. ಗೇರ್ ಬಿದ್ದಲ್ಲೇ ನಿಲ್ಲಿಸೋ ಸ್ಟಾರ್ ಪ್ಲೇಟು, ಅದರ ಬೋಲ್ಟು, ಅದನ್ನ ಒತ್ತಿ ಹಿಡಿಯೋ ಸ್ಟಾಪರ್, ಅದರ ಸ್ಪ್ರಿಂಗ್ ನೋಡ್ರಿ. ಬಹಳ ಗಾಡಿಯೊಳಗ ಇದಕ್ಕ ಕೇಸ್ ಒಡಿಯೋ, ಅಂದ್ರ ಎಂಜಿನ್ ಕೇಸ್ ಎರಡು ಹೋಳು ಬಿಚ್ಚೋ, ಜರೂರತ್ತೇ ಇಲ್ಲ.

ಒಂದೇ ಗೇರ್, ಅದರಾಗೂ ಎರಡನೇದು ಬಿಟ್ರ, ಕೇಸ್ ಒಡೀಲೇಬೇಕು. ಒಂದರಿಂದ ನ್ಯೂಟ್ರಲ್ ದಾಟಿ ಎರಡಕ್ಕ ಹೋಗೋ ಮುಂದ ಕಾಲು ಅರ್ಧಕ್ಕ ನಿಂತ್ರ ಡಾಗ್ ಪೂರಾ ಕೂಡಂಗಿಲ್ಲ, ತುದಿಗಿ ತುದಿ ಬಡೀತದ. ಡಾಗಿನ ಮೂಲಿ ಚೂಪು ಇದ್ರ ಭಾರ ಬಿದ್ದಂಗ ಒಳಗ ಎಳ್ಕೋತದ. ಮೂಲಿ ಗುಂಡಗ ಆದ್ರ ಅದೇ ಭಾರ ಹೊರಗ ದೂಡ್ತದ. ಅಂಥಾ ಗೇರ್ ಜೋಡೀಲೇ ಬದಲಿ ಮಾಡಬೇಕು, ಒಂದೇ ಹಾಕಿದ್ರ ಹಳೇದು ಹೊಸಾದನ್ನ ತಿಂತದ. ವೆಲ್ಡಿಂಗ್ ಮಾಡಿ ತಿಕ್ಕೋದು ಬ್ಯಾಡ, ಕಾಸಿದ್ರ ಡಾಗಿನ ಗಡಸುತನ ಹೋಗ್ತದ. ಫೋರ್ಕಿನ ತುದಿ ನೀಲಿ ತಿರುಗಿದ್ರ, ಬಾಗಿದ್ರ ಅದನ್ನೂ ಬಿಸಾಕ್ರಿ.

ಜೋಡಿಸೋ ಮುಂದ ಸರ್ಕ್ಲಿಪ್ (ಗೇರ್ ಸರಿದಂಗ ಶಾಫ್ಟಿನ ಮ್ಯಾಲ ಹಿಡಿಯೋ ಉಂಗುರ) ಹೊಸಾವೇ ಹಾಕಬೇಕು. ಸರ್ಕ್ಲಿಪ್ಪಿಗಿ ಒಂದು ಬದಿ ಚೂಪು, ಒಂದು ಬದಿ ಗುಂಡು ಇರ್ತದ. ಗುಂಡಿನ ಬದಿ ದೂಡೋ ಗೇರಿನ ಕಡೆ, ಚೂಪಿನದು ಆಚೀ ಕಡೆ. ವಾಷರ್ ಬಿಚ್ಚಿದ ಸಾಲಿನಾಗೇ ತಂತಿಗಿ ಪೋಣಿಸಿ ಇಡಬೇಕು. ಈ ಸಾಲು ದಪ್ಪ ಅಕ್ಷರದಾಗ ಬರೀರಿ.

ಸೇಡಂನಿಂದ:
‘ಡಾಗ್’ ಹಾಗೇ ಉಳಿಯುವುದೇ? ಹುಡುಗರು ನಾಯಿ ಅಂದುಕೊಳ್ಳಲಿ ಬಿಡಿ. ‘ಕಚ್ಚು’ ಅನ್ನಬಹುದಲ್ಲ. ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ.

ಹುಮನಾಬಾದಿನಿಂದ:
ಕಚ್ಚು ಚಲೋ ಅದರಿ. ಡಾಗ್ ಅನ್ನೋದರ ಜೋಡಿ ಅದನ್ನೂ ಬರೀರಿ.

ಕಲಬುರಗಿಯಿಂದ:
ಧನ್ಯವಾದಗಳು. ಹೀಗೆ ಕಳಿಸುತ್ತಿದ್ದೇನೆ: ‘ಕ್ಲಚ್ ಜಾರುವುದು’, ‘ಗೇರ್ ತಾನಾಗಿಯೇ ಬಿಟ್ಟುಕೊಳ್ಳುವುದು’, ‘ಗೇರ್ ಫೋರ್ಕ್’, ‘ಡಾಗ್ (ಗೇರಿನ ಕಚ್ಚು)’. ತಲೆಬರಹ ‘ರಿಪೇರಿ’.

ಸೇಡಂನಿಂದ:
ನನ್ನ ಆಕ್ಷೇಪ ಹಾಗೇ ಇರಲಿ.